ಬಡವರ ಚಿತ್ರ ಯಾರ ಗೋಡೆಯ ಮೇಲೆ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿಯ ಹಳ್ಳಿಯೊಂದಕ್ಕೆ ಈಚೆಗೆ ಹೋಗಿದ್ದೆ. 1990ರ ದಶಕದಲ್ಲಿ ನಾನು ಸೇವೆಯಲ್ಲಿದ್ದಾಗ ಈ ಭಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿತ್ತು. 2007ರಲ್ಲಿ ರಾಮನಗರ ಜಿಲ್ಲೆಯಾಯಿತು. 2025ರಲ್ಲಿ ಅದೇ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂತು. ಹೆಸರುಗಳು ಬದಲಾದರೂ ರಾಗಿ ಹೊಲ, ಹಿಪ್ಪುನೇರಳೆ ತೋಟ, ಕಾವೇರಿ ವನ್ಯಧಾಮದ ಅಂಚಿನಿಂದ ರಾತ್ರಿ ಹೊತ್ತು ಇಳಿದು ಬರುವ ಆನೆಗಳು, ಇವು ಯಾವುವೂ ಬದಲಾಗಿಲ್ಲ. ಬದಲಾಗಿರುವುದು ಬೇರೆಯೇ. ಅಂದು ಆ ಊರಿಗೆ ಯಾರಾದರೂ ನೆರವು ತಂದರೆ ಜೊತೆಗೆ ಒಂದು ದಾಖಲೆ ಪುಸ್ತಕವನ್ನೂ ಸಹಿ ಹಾಕಿಸಿಕೊಳ್ಳಲು ಶಾಯಿಯ ಡಬ್ಬಿಯನ್ನೂ ತರುತ್ತಿದ್ದರು. ಇಂದು ಕ್ಯಾಮೆರಾ ತರುತ್ತಾರೆ.

ನಾನು ಹೋದ ದಿನ ನಗರದ ಸ್ವಯಂಸೇವಾ ಸಂಸ್ಥೆಯೊಂದು ಶಾಲೆಯಲ್ಲಿ ಮಕ್ಕಳಿಗೆ ಚೀಲ ಮತ್ತು ನೋಟ್ ಪುಸ್ತಕ ಹಂಚುತ್ತಿತ್ತು. ಒಳ್ಳೆಯ ಚೀಲಗಳು, ಕೊಟ್ಟವರ ಮನಸ್ಸೂ ಒಳ್ಳೆಯದೇ. ಆದರೆ ಮೊದಲ ಸಲ ಹಂಚಿದಾಗ ಬೆಳಕು ಸರಿಯಿರಲಿಲ್ಲವೆಂದು ಚೀಲಗಳನ್ನು ಮರಳಿ ತೆಗೆದುಕೊಂಡು, ಮಕ್ಕಳನ್ನು ಜಗಲಿಯಿಂದ ಅಂಗಳಕ್ಕೆ ತಂದು ಮತ್ತೊಮ್ಮೆ ಹಂಚಿದರು. ಮೂರನೆಯ ಸಲ ಮಕ್ಕಳು ಒಟ್ಟಿಗೆ 'ಥ್ಯಾಂಕ್ಯೂ' ಎನ್ನಬೇಕಾಯಿತು. ಆ ವಿಡಿಯೊ ಸಂಜೆಯೊಳಗೆ ಫೇಸ್‌ಬುಕ್ಕಿಗೂ ಇನ್‌ಸ್ಟಾಗ್ರಾಮಿಗೂ ಏರಬೇಕೆಂದು ತಂಡದ ಯುವಕನೊಬ್ಬ ಅವಸರದಲ್ಲಿದ್ದ. ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನ ಪಕ್ಕದಲ್ಲಿ ನಿಂತಿದ್ದರು. 'ಅಲ್ಲ ಸ್ವಾಮಿ, ಬ್ಯಾಗು ಕೊಟ್ರು, ಒಳ್ಳೇದಾಯ್ತು. ಫೋಟ ಮೂರ್ ಸಲ ಹಿಡುದ್ರು. ಆ ಫೋಟ ಎಲ್ಲಿಗೋಯ್ತದೆ? ಬಡವ್ರ ಮಗಾ ಅಂತ ಊರೋರ್ಗೆಲ್ಲ ತೋರುಸ್ತಾರಾ?' ಎಂದು ಕೇಳಿದರು.

ಮೂವತ್ತಕ್ಕೂ ಹೆಚ್ಚು ವರ್ಷ ಸರ್ಕಾರಿ ಕಡತಗಳಿಗೆ ಟಿಪ್ಪಣಿ ಬರೆದವನಿಗೆ ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. 'ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು' ಎಂದು ಹೇಳಿಕೊಂಡು ಬಂದ ಸಮಾಜ ನಮ್ಮದು. ಆ ನಾಣ್ಣುಡಿಯನ್ನು ಅಕ್ಷರಶಃ ಪಾಲಿಸಿದರೆ ಇಂದು ಯಾವ ಸಂಸ್ಥೆಯೂ ಉಳಿಯಲಾರದು ಎಂಬುದನ್ನು ನಾನು ಬಲ್ಲೆ. ಆದರೂ ಸಾಮಾಜಿಕ ಜಾಲತಾಣಗಳನ್ನು ನಮ್ಮ ಸೇವಾ ಸಂಸ್ಥೆಗಳು ಯಾರಿಗಾಗಿ ಬಳಸುತ್ತಿವೆ, ಅವುಗಳ ಬಗ್ಗೆ ಏನೆಂದು ಯೋಚಿಸುತ್ತಿವೆ ಎಂಬುದನ್ನು ಒಮ್ಮೆ ನಿಂತು ಪರಿಶೀಲಿಸುವುದು ಅಗತ್ಯ.

ಜಾಲತಾಣ ಹುಟ್ಟುವ ಮೊದಲೂ ಜಾಲಗಳಿದ್ದವು. 1990ರ ದಶಕದ ಸಾಕ್ಷರತಾ ಆಂದೋಲನದ ದಿನಗಳಲ್ಲಿ ಹಳ್ಳಿಯಿಂದ ಹಳ್ಳಿಗೆ ಸುದ್ದಿ ಒಯ್ದದ್ದು ಕಲಾಜಾಥಾ, ತಮಟೆ ಮತ್ತು ಹಾಡು. ಮೈರಾಡದಂತಹ ಸಂಸ್ಥೆಗಳು ಬೆಳೆಸಿದ ಸ್ವಸಹಾಯ ಗುಂಪುಗಳಾಗಲಿ, 2000–01ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಸ್ತ್ರೀಶಕ್ತಿ ಗುಂಪುಗಳಾಗಲಿ, ಹದಿನೈದು ಇಪ್ಪತ್ತು ಮಂದಿ ಹೆಂಗಸರು ವಾರಕ್ಕೊಮ್ಮೆ ಒಂದೆಡೆ ಕುಳಿತು ಹಣ ಎಣಿಸುವ ಜಾಲಗಳೇ. ಕನಕಪುರ ತಾಲ್ಲೂಕಿನಲ್ಲೇ ಗ್ರೀನ್ ಫೌಂಡೇಶನ್ ಎಂಬ ಸಂಸ್ಥೆ ಡಾ. ವನಜಾ ರಾಮಪ್ರಸಾದ್ ಅವರ ನೇತೃತ್ವದಲ್ಲಿ ಸಮುದಾಯ ಬೀಜ ಬ್ಯಾಂಕುಗಳನ್ನು ಕಟ್ಟಿತು. ನಶಿಸುತ್ತಿದ್ದ ರಾಗಿ, ಸಾಮೆ, ನವಣೆ ತಳಿಗಳನ್ನು ಮಹಿಳೆಯರು ಒಬ್ಬರಿಂದೊಬ್ಬರು ಪಡೆದು ಬಿತ್ತಿ, ಸುಗ್ಗಿಯಾದ ಮೇಲೆ ಪಡೆದದ್ದಕ್ಕಿಂತ ಹೆಚ್ಚಾಗಿ ಹಿಂದಿರುಗಿಸುವ ಏರ್ಪಾಡು ಅದು. ಆ ಸಂಸ್ಥೆಗೆ 2004ರಲ್ಲಿ ಈಕ್ವೇಟರ್ ಪ್ರಶಸ್ತಿ ಬಂತು. ಫೇಸ್‌ಬುಕ್ ಅಮೆರಿಕದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿ ನಿಲಯದಲ್ಲಿ ಹುಟ್ಟಿದ್ದೂ ಅದೇ ವರ್ಷ. ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಬೆಳೆಸಿದ 385 ಆಲದ ಮರಗಳ ಕತೆಯೂ ಇಂಥದೇ. ಮರ ಮೊದಲು ಬೆಳೆಯಿತು, ಚಿತ್ರ ದಶಕಗಳ ನಂತರ ಬಂತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡಾಗ ಆ ಚಿತ್ರ ಎಲ್ಲ ಮೊಬೈಲುಗಳಲ್ಲೂ ಹರಿದಾಡಿತು. ಮರಕ್ಕೆ ನೀರು ಹೊತ್ತ ದಿನಗಳಲ್ಲಿ ಮಾತ್ರ ನೋಡುವವರು ಯಾರೂ ಇರಲಿಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನು, ಹೊಸದೆಲ್ಲ ಹುಸಿ ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಜಾಲತಾಣಗಳಿಂದ ನಾಗರಿಕ ಸಂಘಟನೆಗಳಿಗೆ ಆಗಿರುವ ಪ್ರಯೋಜನವನ್ನು ಬೆಂಗಳೂರಿಗರು ಕಣ್ಣಾರೆ ಕಂಡಿದ್ದಾರೆ. 2010ರಲ್ಲಿ ಜನಾಗ್ರಹ ಸಂಸ್ಥೆ 'ಐ ಪೇಯ್ಡ್ ಎ ಬ್ರೈಬ್' ತಾಣವನ್ನು ಆರಂಭಿಸಿ, ಯಾವ ಕೆಲಸಕ್ಕೆ ಎಷ್ಟು ಲಂಚ ತೆರಬೇಕಾಯಿತು ಎಂಬುದನ್ನು ಜನರೇ ದಾಖಲಿಸುವಂತೆ ಮಾಡಿತು. ನನ್ನಂಥ ಅಧಿಕಾರಿಗಳಿಗೆ ಅದನ್ನು ಓದುವುದು ಹಿತವಾಗಿರಲಿಲ್ಲ, ಆದರೆ ಅಗತ್ಯವಾಗಿತ್ತು. ಅದೇ ವರ್ಷ ಕಾಣಿಸಿಕೊಂಡ 'ದಿ ಅಗ್ಲಿ ಇಂಡಿಯನ್' ಗುಂಪು ಕಸ ತುಂಬಿದ ಬೀದಿಮೂಲೆಗಳನ್ನು ಶುಚಿಗೊಳಿಸಿ, ಮೊದಲು ಹೇಗಿತ್ತು, ಈಗ ಹೇಗಿದೆ ಎಂಬ ಎರಡು ಚಿತ್ರಗಳನ್ನು ಫೇಸ್‌ಬುಕ್ಕಿನಲ್ಲಿ ಹಾಕುತ್ತ ಬಂತು. ಕೆಲಸ ಮಾಡಿದವರ ಹೆಸರಿಲ್ಲ, ಭಾಷಣವಿಲ್ಲ. 2016ರ ಅಕ್ಟೋಬರ್‌ನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉದ್ದೇಶಿಸಿದ್ದ ಉಕ್ಕಿನ ಮೇಲುಸೇತುವೆಯ ವಿರುದ್ಧ ಸಾವಿರಾರು ಜನ ಕೈ ಕೈ ಹಿಡಿದು ರಸ್ತೆಬದಿಯಲ್ಲಿ ನಿಂತರು. 'ಸ್ಟೀಲ್ ಫ್ಲೈಓವರ್ ಬೇಡ' ಎಂಬ ಘೋಷಣೆ ಹುಟ್ಟಿ ಹರಡಿದ್ದು ಬಹುಪಾಲು ಜಾಲತಾಣಗಳಲ್ಲೇ. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. 2021ರ ಏಪ್ರಿಲ್–ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆಗೆ ನಗರ ತತ್ತರಿಸಿದಾಗ, ಎಲ್ಲಿ ಹಾಸಿಗೆ ಇದೆ, ಎಲ್ಲಿ ಆಮ್ಲಜನಕ ಸಿಗುತ್ತದೆ ಎಂಬ ಮಾಹಿತಿಯನ್ನು ಸ್ವಯಂಸೇವಕರು ಒಂದೊಂದು ದೂರವಾಣಿ ಸಂಖ್ಯೆಗೂ ಕರೆ ಮಾಡಿ ಖಚಿತಪಡಿಸಿಕೊಂಡು ಟ್ವಿಟರ್, ವಾಟ್ಸ್‌ಆ್ಯಪ್‌ಗಳಲ್ಲಿ ಹಂಚಿದರು. ಜಾಲತಾಣಗಳಲ್ಲಿ ಸಂಕಷ್ಟ ಹೇಳಿಕೊಳ್ಳುವ ನಾಗರಿಕರ ಮೇಲೆ ಕ್ರಮ ಜರುಗಿಸಬಾರದೆಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 30ರಂದು ಸರ್ಕಾರಗಳನ್ನು ಎಚ್ಚರಿಸಿದ್ದೂ ಇದೇ ಹಿನ್ನೆಲೆಯಲ್ಲಿ.

ಈ ಉದಾಹರಣೆಗಳಲ್ಲಿ ಗಮನಿಸಬೇಕಾದ ಸಮಾನ ಅಂಶವೊಂದಿದೆ. ಲಂಚ ಕೊಟ್ಟವನೇ ಬರೆದ. ಬೀದಿಯಲ್ಲಿ ವಾಸಿಸುವವನೇ ಬೀದಿಯ ಚಿತ್ರ ಹಾಕಿದ. ಮರ ಕಡಿದರೆ ನಷ್ಟ ಅನುಭವಿಸುವವರೇ ಪ್ರತಿಭಟಿಸಿದರು. ಆಮ್ಲಜನಕ ಬೇಕಾದವನೇ ಕೇಳಿದ. ಮಾತನಾಡಿದವನೂ ಬಾಧಿತನೂ ಒಬ್ಬನೇ. ಅರ್ಥಶಾಸ್ತ್ರಜ್ಞ ಮಾನ್ಸರ್ ಓಲ್ಸನ್ 1965ರಷ್ಟು ಹಿಂದೆಯೇ ಸಮೂಹ ಕ್ರಿಯೆಯ ತೊಡಕನ್ನು ವಿವರಿಸಿದ್ದರು. ಗುಂಪು ದೊಡ್ಡದಾದಷ್ಟೂ 'ಬೇರೆ ಯಾರಾದರೂ ಮಾಡಲಿ' ಎಂಬ ಪ್ರವೃತ್ತಿ ಹೆಚ್ಚುತ್ತದೆ, ಸಂಘಟನೆಯ ವೆಚ್ಚ ಏರುತ್ತದೆ ಎಂಬುದು ಅವರ ವಾದದ ತಿರುಳು. ಜಾಲತಾಣಗಳು ಜನರನ್ನು ಸೇರಿಸುವ ವೆಚ್ಚವನ್ನು ಬಹುತೇಕ ಇಲ್ಲವಾಗಿಸಿದವು ಎಂಬುದು ನಿಜ. ಆದರೆ ಸೇರಿದ ಮೇಲೆ ನಿರಂತರವಾಗಿ ದುಡಿಯುವ ವೆಚ್ಚ ಇದ್ದಷ್ಟೇ ಇದೆ. ಸ್ವಂತ ಹಿತ ಅಡಗಿರುವಲ್ಲಿ ಜನ ಆ ವೆಚ್ಚವನ್ನು ಭರಿಸುತ್ತಾರೆ. ದೂರದ ಉಯ್ಯಂಬಳ್ಳಿಯ ಮಗುವಿನ ವಿಷಯದಲ್ಲಿ ಹೆಬ್ಬೆರಳ ಗುರುತು ಒತ್ತಿ ಮುಂದೆ ಸಾಗುತ್ತಾರೆ.

ಇದು ಬರಿಯ ಊಹೆಯಲ್ಲ. ಫೇಸ್‌ಬುಕ್ಕಿನಲ್ಲಿ 2007ರಲ್ಲಿ 'ಕಾಸಸ್' ಎಂಬ ವ್ಯವಸ್ಥೆ ಬಂದಾಗ ದೇಣಿಗೆ ಸಂಗ್ರಹದ ಹೊಸ ಯುಗವೇ ತೆರೆಯಿತೆಂದು ಸಂಸ್ಥೆಗಳು ಹಿಗ್ಗಿದ್ದವು. ಎರಡು ವರ್ಷಗಳ ನಂತರ, 2009ರ ಏಪ್ರಿಲ್‌ನಲ್ಲಿ, ವಾಷಿಂಗ್ಟನ್ ಪೋಸ್ಟ್ ಪತ್ರಿಕೆ ಅದರ ಲೆಕ್ಕ ತೆಗೆಯಿತು. ಅದನ್ನು ಬಳಸಿದ 1.79 ಲಕ್ಷ ಸಂಸ್ಥೆಗಳ ಪೈಕಿ ಕನಿಷ್ಠ ಒಂದು ಸಾವಿರ ಡಾಲರ್ ಸಂಗ್ರಹಿಸಿದವು ತೀರಾ ಅಲ್ಪ. ಎರಡೂವರೆ ಕೋಟಿ ಸದಸ್ಯರಲ್ಲಿ ಹೆಚ್ಚಿನವರು ಒಂದು ಕಾಸನ್ನೂ ಕೊಟ್ಟಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ 2014ರಲ್ಲಿ ತಲೆಯ ಮೇಲೆ ಮಂಜುಗಡ್ಡೆ ನೀರು ಸುರಿದುಕೊಳ್ಳುವ ಸವಾಲು ಅಮೆರಿಕದ ಎಎಲ್ಎಸ್ ಸಂಘಕ್ಕೆ 11.5 ಕೋಟಿ ಡಾಲರ್ ತಂದುಕೊಟ್ಟಿತು. ಅದನ್ನು ನೋಡಿ ಪ್ರತಿಯೊಂದು ಸಂಸ್ಥೆಯೂ ತನ್ನದೇ ಆದ ಒಂದು ಬಕೆಟ್ಟಿಗಾಗಿ ಹುಡುಕಾಡತೊಡಗಿತು. ಲಾಟರಿ ಗೆದ್ದ ಒಬ್ಬನನ್ನು ನೋಡಿ ಊರೆಲ್ಲ ಟಿಕೆಟ್ ಕೊಂಡಂತೆ ಇದು. ಗೆದ್ದವನ ಹೆಸರು ಎಲ್ಲರಿಗೂ ಗೊತ್ತು. ಸೋತವರ ಪಟ್ಟಿ ಯಾರ ಬಳಿಯೂ ಇಲ್ಲ.

ಇಲ್ಲಿ ಅರ್ಥಶಾಸ್ತ್ರದ ಇನ್ನೊಂದು ಪಾಠ ನೆನಪಾಗುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ಉದಾಹರಿಸಿ, ಕೊಳ್ಳುವವನಿಗೆ ಒಳಗಿನ ಗುಣ ಕಾಣದಿದ್ದಾಗ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ತೋರಿಸಿದರು. ಸೇವಾ ಕ್ಷೇತ್ರದಲ್ಲಿ ದಾನಿಯ ಪಾಡು ಇದಕ್ಕಿಂತ ಕಷ್ಟಕರ. ಇಲ್ಲಿ ಹಣ ಕೊಡುವವನೊಬ್ಬ, ಸೇವೆ ಪಡೆಯುವವನೊಬ್ಬ. ಚೀಲದ ಹೊಲಿಗೆ ಮೂರು ತಿಂಗಳಿಗೇ ಬಿಚ್ಚಿದರೆ ಅದು ಮಗುವಿಗೆ ಗೊತ್ತಾಗುತ್ತದೆ, ಜಯನಗರದಲ್ಲಿ ಕುಳಿತ ದಾನಿಗೆ ಗೊತ್ತಾಗುವುದಿಲ್ಲ. ಹೀಗಾಗಿ ಆತ ಕಣ್ಣಿಗೆ ಬೀಳುವುದನ್ನೇ ಪ್ರಮಾಣವೆಂದು ಒಪ್ಪಿಕೊಳ್ಳುತ್ತಾನೆ. ಕಣ್ಣಿಗೆ ಬೀಳುವುದು ಛಾಯಾಚಿತ್ರ. ಒಳ್ಳೆಯ ಕೆಲಸಕ್ಕೂ ಅರೆಬರೆ ಕೆಲಸಕ್ಕೂ ಚಿತ್ರ ತೆಗೆಯುವ ವೆಚ್ಚ ಒಂದೇ. ಹಾಗಿರುವಾಗ ಚಿತ್ರ ಯಾವ ಗುಣವನ್ನೂ ಬೇರ್ಪಡಿಸಿ ತೋರಿಸಲಾರದು.

ಪರಿಣಾಮವಾಗಿ ಚಿತ್ರಕ್ಕೆ ಒಗ್ಗುವ ಕೆಲಸ ಚಿತ್ರಕ್ಕೆ ಒಗ್ಗದ ಕೆಲಸವನ್ನು ಹಿಂದಿಕ್ಕುತ್ತದೆ. ಉಯ್ಯಂಬಳ್ಳಿಯಂತಹ ಹೋಬಳಿಯಲ್ಲಿ ನಿಜಕ್ಕೂ ಆಗಬೇಕಾದ ಕೆಲಸಗಳನ್ನು ಒಮ್ಮೆ ಎಣಿಸಿ ನೋಡಿ. ಆನೆ ತುಳಿದ ರಾಗಿ ಹೊಲಕ್ಕೆ ಪರಿಹಾರದ ಅರ್ಜಿಯನ್ನು ಪಹಣಿ, ಛಾಯಾಪ್ರತಿಗಳೊಂದಿಗೆ ಸಕಾಲದಲ್ಲಿ ಅರಣ್ಯ ಇಲಾಖೆಗೆ ಮುಟ್ಟಿಸಬೇಕು. ಏಳನೆಯ ತರಗತಿ ಮುಗಿಸಿ ಶಾಲೆ ಬಿಡುವ ಹುಡುಗಿಯ ತಂದೆಯೊಂದಿಗೆ ನಾಲ್ಕಾರು ಸಲ ಮಾತನಾಡಬೇಕು. ಸ್ವಸಹಾಯ ಗುಂಪಿನ ಲೆಕ್ಕದ ಪುಸ್ತಕದಲ್ಲಿ ಕೂಡಿಸುವುದು ಕಳೆಯುವುದು ಸರಿಯಿದೆಯೇ ನೋಡಬೇಕು. ವಿಧವಾ ವೇತನ ನಿಂತುಹೋದವರ ಬ್ಯಾಂಕ್ ಖಾತೆಯ ತೊಡಕನ್ನು ಬಿಡಿಸಬೇಕು. ಇವುಗಳಲ್ಲಿ ಯಾವುದಕ್ಕೂ ಒಳ್ಳೆಯ ಚಿತ್ರ ಸಿಗದು. ಮೇಜಿನ ಮೇಲೆ ಕಾಗದ, ಎದುರಿಗೆ ದಣಿದ ಮುಖ, ಅಷ್ಟೇ. ಚೀಲ, ಕಂಬಳಿ, ಸಸಿ ನೆಡುವ ಕಾರ್ಯಕ್ರಮಗಳು ಮಾತ್ರ ಕಣ್ಮನ ಸೆಳೆಯುತ್ತವೆ. ಸಸಿ ನೆಟ್ಟ ಚಿತ್ರಗಳು ಲಕ್ಷಗಟ್ಟಲೆ ಇವೆ. ಮೂರನೆಯ ಬೇಸಿಗೆಯಲ್ಲಿ ಅದೇ ಸಸಿ ಉಳಿದಿದೆಯೇ ಎಂದು ಹೋಗಿ ತೆಗೆದ ಚಿತ್ರಗಳು ಎಷ್ಟಿವೆ?

ಇಷ್ಟು ಹೇಳಿದ ಮೇಲೆ ಸಂಸ್ಥೆಗಳ ಪಕ್ಷವನ್ನೂ ಆಲಿಸಬೇಕು. ಗ್ರಾಮೀಣ ಭಾಗದಲ್ಲಿ ದುಡಿಯುವ ಸಣ್ಣ ಸಂಸ್ಥೆಯೊಂದರ ಕಾರ್ಯದರ್ಶಿ ನನ್ನ ಪರಿಚಿತರು. 'ಸಾರ್, ನನಗೇನು ಈ ಪೋಸ್ಟು ಹಾಕೋ ಹುಚ್ಚಿಲ್ಲ. ಹಾಕದಿದ್ದರೆ ನಾವು ಸತ್ತೇ ಹೋಗಿದ್ದೇವೆ ಅಂದುಕೊಳ್ಳುತ್ತಾರೆ' ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಒಂದು ಸಂಸ್ಥೆ ಪಡೆದ ವಿದೇಶಿ ನೆರವನ್ನು ಮತ್ತೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಯ ಸಣ್ಣ ಸಂಸ್ಥೆಗಳಿಗೆ ಆ ದಾರಿ ಮುಚ್ಚಿತು. 2014ರ ಏಪ್ರಿಲ್‌ನಿಂದ ಜಾರಿಗೆ ಬಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಯಮದಂತೆ ನಿಗದಿತ ಗಾತ್ರ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಇಂಥ ಕೆಲಸಗಳಿಗೆ ವ್ಯಯಿಸಬೇಕು. ಇದು ಸ್ವಾಗತಾರ್ಹವೇ. ಆದರೆ ಕಂಪನಿಯ ವಾರ್ಷಿಕ ವರದಿಗೆ ಬೇಕಾದುದು ಹೊಳಪಿನ ಚಿತ್ರ. ಉಳಿದ ದಾರಿ ಸಾಮಾನ್ಯ ನಾಗರಿಕರಿಂದ ನೂರು, ಐನೂರು ಕೂಡಿಸುವುದು. ಬೆಂಗಳೂರಿನಲ್ಲೇ 2010ರಲ್ಲಿ ಆರಂಭವಾದ ಮಿಲಾಪ್‌ನಂತಹ ತಾಣಗಳು ಈ ಬಗೆಯ ಸಂಗ್ರಹವನ್ನು ಸುಲಭಗೊಳಿಸಿವೆ. ಅಲ್ಲಿಯೂ ಕಣ್ಣೀರು ತರಿಸುವ ಮುಖಕ್ಕೇ ಮೊದಲ ಮಣೆ.

ಇದರ ಮೇಲೆ ಇನ್ನೊಂದು ಹೊರೆಯಿದೆ. ಜಾಲತಾಣ ಉಚಿತ ಎಂಬ ಭಾವನೆ ಆರಂಭದಲ್ಲಿ ಎಲ್ಲರಿಗೂ ಇತ್ತು. ಸಂಸ್ಥೆಗಳು ವರ್ಷಗಟ್ಟಲೆ ಶ್ರಮಪಟ್ಟು ಸಾವಿರಾರು ಅನುಯಾಯಿಗಳನ್ನು ಕೂಡಿಸಿದ ಮೇಲೆ, ಸುಮಾರು 2014ರ ಹೊತ್ತಿಗೆ, ತಮ್ಮ ಪುಟದ ಬರಹ ತಮ್ಮದೇ ಅನುಯಾಯಿಗಳಲ್ಲಿ ಅಲ್ಪ ಭಾಗಕ್ಕೆ ಮಾತ್ರ ತಲುಪುತ್ತಿರುವುದು ಅವುಗಳ ಅರಿವಿಗೆ ಬಂತು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ಏರ್ಪಾಡನ್ನು ಬದಲಿಸಿ ಸ್ನೇಹಿತರ, ಬಂಧುಗಳ ಬರಹಗಳಿಗೆ ಆದ್ಯತೆ ನೀಡಿದಾಗ ಪುಟಗಳ ಪಾಲು ಇನ್ನೂ ಕುಗ್ಗಿತು. ಹೆಚ್ಚು ಜನರನ್ನು ಮುಟ್ಟಬೇಕೆಂದರೆ ಹಣ ತೆರಬೇಕು. ಇದು ಗೇಣಿದಾರನ ಸ್ಥಿತಿ. ಭೂಮಿ ಹದ ಮಾಡುವವನು ಒಬ್ಬ, ಗೇಣಿ ನಿರ್ಧರಿಸುವವನು ಮತ್ತೊಬ್ಬ. ಗೇಣಿ ಪದ್ಧತಿಯನ್ನು ಕಾನೂನು ಮಾಡಿ ಕೊನೆಗಾಣಿಸಿದ ರಾಜ್ಯದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಒಕ್ಕಲೆಬ್ಬಿಸುವ ಭಯವೂ ಇಲ್ಲದಿಲ್ಲ. 2004ರಲ್ಲಿ ಬಂದ ಆರ್ಕುಟ್ ನಮ್ಮ ಯುವಜನರ ಅಚ್ಚುಮೆಚ್ಚಿನ ತಾಣವಾಗಿತ್ತು. ಕನ್ನಡ ನಾಡು ನುಡಿಗೆ ಸಂಬಂಧಿಸಿದ ಹಲವು ಬಳಗಗಳು ಅಲ್ಲೇ ಕಲೆತವು. 2014ರ ಸೆಪ್ಟೆಂಬರ್ 30ರಂದು ಅದು ಬಾಗಿಲು ಮುಚ್ಚಿದಾಗ ಅವರು ಕಟ್ಟಿಕೊಂಡ ಮನೆಯೂ ಹೋಯಿತು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರ ಮೇಲೆ ನಡೆದ ಹಲ್ಲೆಯನ್ನು ಖಂಡಿಸಿ ಪತ್ರಕರ್ತೆ ನಿಶಾ ಸೂಸನ್ ಫೇಸ್‌ಬುಕ್ಕಿನಲ್ಲಿ ತೆರೆದ ಗುಂಪಿಗೆ ಕೆಲವೇ ವಾರಗಳಲ್ಲಿ ಸಹಸ್ರಾರು ಸದಸ್ಯರು ಸೇರಿದರು. ನಂತರ ಆ ಗುಂಪಿಗೆ ಕನ್ನ ಹಾಕಿದವರು ಅದರ ಹೆಸರನ್ನೇ ತಿರುಚಿದರು. ಕಷ್ಟಪಟ್ಟು ಸೇರಿಸಿದ ಜನ ಒಮ್ಮೆಗೇ ಕೈತಪ್ಪಿದರು. ತನ್ನ ಸದಸ್ಯರ, ದಾನಿಗಳ ಹೆಸರು ವಿಳಾಸಗಳ ಪಟ್ಟಿಯನ್ನು ತನ್ನ ಬಳಿಯೇ ಇಟ್ಟುಕೊಳ್ಳದ ಸಂಸ್ಥೆಗೆ ಇದು ಇಂದಿಗೂ ಎಚ್ಚರಿಕೆಯ ಪಾಠ.

ಆದರೆ ಇವೆಲ್ಲಕ್ಕಿಂತ ಮುಖ್ಯವಾದುದು ಆ ಹಿರಿಯ ಹೆಂಗಸು ಕೇಳಿದ ಪ್ರಶ್ನೆ. ಅದು ಘನತೆಯ ಪ್ರಶ್ನೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪೋಷಣೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಕ್ಕಳ, ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಕ್ಕಳ ಪ್ರಕರಣಗಳಲ್ಲಿ ಅವರ ಹೆಸರು, ಚಿತ್ರ, ಶಾಲೆ, ವಿಳಾಸ ಬಹಿರಂಗಪಡಿಸುವುದನ್ನು ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾಮಾನ್ಯ ಬಡ ಶಾಲಾ ಮಗು ಈ ಯಾವ ವರ್ಗಕ್ಕೂ ಸೇರುವುದಿಲ್ಲ. ಆ ಮಗುವಿಗೆ ಇಷ್ಟು ಕಾಲ ಇದ್ದ ರಕ್ಷಣೆ ನಮ್ಮ ಸಭ್ಯತೆಯೊಂದೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ವರ್ಷದೊಳಗಿನವರ ದತ್ತಾಂಶ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಪ್ರಮುಖ ಬಾಧ್ಯತೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಸಂಸ್ಥೆಗಳು ಕಾನೂನಿನ ಗಡುವಿಗಾಗಿ ಕಾಯುವ ಅಗತ್ಯವಿಲ್ಲ.

ಒಪ್ಪಿಗೆ ಎಂದರೆ ಕಾಗದದ ಮೇಲಿನ ಸಹಿ ಮಾತ್ರವೇ ಎಂಬುದೂ ಯೋಚಿಸಬೇಕಾದ ವಿಷಯ. ಚೀಲ ಕೈಯಲ್ಲಿ ಹಿಡಿದು ನಿಂತವರ ಮುಂದೆ 'ಫೋಟೊ ತೆಗೆಯಬಹುದೇ?' ಎಂದು ಕೇಳಿದರೆ ಬೇಡವೆನ್ನುವ ಸ್ಥಿತಿಯಲ್ಲಿ ಯಾವ ಬಡ ತಾಯಿ ಇದ್ದಾಳೆ? ಬೇಡವೆಂದರೆ ಚೀಲವೂ ಇಲ್ಲವೇನೋ ಎಂಬ ಅಳುಕು ಇದ್ದೇ ಇರುತ್ತದೆ. ನಮ್ಮ ಮಕ್ಕಳ ಶಾಲಾ ಶುಲ್ಕಕ್ಕೆ ಯಾರಾದರೂ ನೆರವಾಗಿ, ಆ ಚಿತ್ರವನ್ನು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದರೆ ನಾವು ಸಹಿಸುತ್ತೇವೆಯೇ? ಆ ಮಗು ನಾಳೆ ಕಾಲೇಜಿಗೆ ಹೋಗಿ, ಕೆಲಸ ಹುಡುಕುವಾಗ, 'ನೆರವಿಗಾಗಿ ಕೈಚಾಚಿದ ಮಗು' ಎಂಬ ಅಡಿಬರಹದ ಅದೇ ಚಿತ್ರ ಅಂತರ್ಜಾಲದಲ್ಲಿ ಉಳಿದೇ ಇರುತ್ತದೆ. 'ಅಗ್ಲಿ ಇಂಡಿಯನ್' ಗುಂಪು ಗೋಡೆಯ ಚಿತ್ರ ಹಾಕಿತು, ಗೋಡೆಗೆ ಮಾನ ಮರ್ಯಾದೆಯ ಚಿಂತೆಯಿಲ್ಲ. ಮನುಷ್ಯರ ವಿಷಯ ಹಾಗಲ್ಲ.

ಹಾಗಾದರೆ ಜಾಲತಾಣಗಳನ್ನು ಸಂಸ್ಥೆಗಳು ತೊರೆಯಬೇಕೆ? ಖಂಡಿತ ಬೇಡ. ದಿಕ್ಕು ಬದಲಿಸಿದರೆ ಸಾಕು. ಈಗ ಸಂದೇಶಗಳು ಹಳ್ಳಿಯಿಂದ ನಗರದ ಕಡೆಗೆ, ನೆರವು ಪಡೆಯುವವರಿಂದ ಕೊಡುವವರ ಕಡೆಗೆ ಹರಿಯುತ್ತಿವೆ. ಅವು ಹಳ್ಳಿಯ ಕಡೆಗೂ ಹರಿಯಬೇಕು. ಇದಕ್ಕೆ ಒಳ್ಳೆಯ ನಿದರ್ಶನ ನಮ್ಮ ಕಣ್ಣೆದುರೇ ಇದೆ. ಮೈಸೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್, ತಮಿಳುನಾಡಿನ ಆನೆಮಲೆ ಬೆಟ್ಟಗಳ ವಾಲ್ಪಾರೈಯಲ್ಲಿ ಆನೆಗಳ ಚಲನವಲನವನ್ನು ಮೊಬೈಲ್ ಸಂದೇಶ ಮತ್ತು ಎಚ್ಚರಿಕೆ ದೀಪಗಳ ಮೂಲಕ ತೋಟದ ಕಾರ್ಮಿಕರಿಗೆ ತಿಳಿಸುವ ವ್ಯವಸ್ಥೆ ರೂಪಿಸಿತು. ಆ ಕೆಲಸಕ್ಕಾಗಿ ಅದರ ವಿಜ್ಞಾನಿ ಎಂ. ಆನಂದಕುಮಾರ್ ಅವರಿಗೆ 2015ರಲ್ಲಿ ವಿಟ್ಲಿ ಪ್ರಶಸ್ತಿ ಬಂತು. ಮುಂದೆ ಹಾಸನ ಜಿಲ್ಲೆಯ ಆಲೂರು–ಸಕಲೇಶಪುರ ಭಾಗದಲ್ಲೂ ಅರಣ್ಯ ಇಲಾಖೆಯ ಜೊತೆಗೂಡಿ ಇಂಥ ಸಂದೇಶ, ಧ್ವನಿ ಕರೆಗಳ ಏರ್ಪಾಡು ನಡೆಯಿತು. ಇಲ್ಲಿ ಸಂದೇಶ ಓದುವವನು ದಾನಿಯಲ್ಲ, ನಸುಕಿನಲ್ಲಿ ತೋಟಕ್ಕೆ ನಡೆದು ಹೋಗುವ ಕೂಲಿಯಾಳು. ಸಂದೇಶ ತಲುಪಿತೋ ಇಲ್ಲವೋ ಎಂಬುದರ ಅಳತೆ ಹೆಬ್ಬೆರಳ ಗುರುತುಗಳಲ್ಲ, ಆತ ಸುರಕ್ಷಿತವಾಗಿ ಮನೆಗೆ ಮರಳಿದನೇ ಎಂಬುದು. ಕಾಡಂಚಿನ ಉಯ್ಯಂಬಳ್ಳಿ, ಸಾತನೂರು, ಕೋಡಿಹಳ್ಳಿ ಹೋಬಳಿಗಳಿಗೆ ಇದಕ್ಕಿಂತ ಪ್ರಯೋಜನಕಾರಿಯಾದ 'ಪೋಸ್ಟ್' ಯಾವುದಿದ್ದೀತು?

ಹಳ್ಳಿಯ ಕಡೆಗೆ ಹರಿಯುವ ಸಂದೇಶಗಳಲ್ಲಿ ವಿಷವೂ ಇರಬಲ್ಲದು ಎಂಬುದನ್ನು ಮರೆಯುವಂತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರು ಬಲಿಯಾದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ಒಮ್ಮೆಲೇ ರವಾನಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ವದಂತಿಯನ್ನು ತಡೆಯಲು ಕಂಪನಿಯ ಮಿತಿಯಷ್ಟೇ ಸಾಲದು. 'ಅದು ಸುಳ್ಳು, ನಾನು ವಿಚಾರಿಸಿದ್ದೇನೆ' ಎಂದು ಅದೇ ಗುಂಪಿನಲ್ಲಿ ಹೇಳುವ, ಊರಿನವರು ನಂಬುವ ಒಬ್ಬ ವ್ಯಕ್ತಿ ಬೇಕು. ಹತ್ತಾರು ವರ್ಷ ಹಳ್ಳಿಯಲ್ಲಿ ಓಡಾಡಿದ ಸಂಸ್ಥೆಯ ಕಾರ್ಯಕರ್ತರಿಗೆ ಈ ನಂಬಿಕೆಯ ಬಂಡವಾಳ ಇರುತ್ತದೆ. ನಗರದ ಪ್ರಚಾರ ತಂಡಕ್ಕೆ ಅದು ಇರುವುದಿಲ್ಲ.

ಅದೇ ವೇಳೆ ಜಾಲತಾಣವೇ ಎಲ್ಲವೂ ಆಗಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15–49ರ ವಯೋಮಾನದಲ್ಲಿ ಅಂತರ್ಜಾಲವನ್ನು ಒಮ್ಮೆಯಾದರೂ ಬಳಸಿದ್ದವರು ಪುರುಷರಲ್ಲಿ ಸುಮಾರು ಶೇ 57, ಮಹಿಳೆಯರಲ್ಲಿ ಶೇ 33 ಮಾತ್ರ. ಅನಂತರದ ವರ್ಷಗಳಲ್ಲಿ ಸಂಖ್ಯೆ ಏರಿರುವುದು ಸಹಜ, ಆದರೆ ಮನೆಯ ಮೊಬೈಲು ಇಂದಿಗೂ ಹಲವೆಡೆ ಗಂಡಸರ ಜೇಬಿನಲ್ಲೇ ಇರುತ್ತದೆ. ಮಹಿಳೆಯರಿಗಾಗಿ ನಡೆಯುವ ಕಾರ್ಯಕ್ರಮದ ಮಾಹಿತಿಯನ್ನು ಬರಿಯ ವಾಟ್ಸ್‌ಆ್ಯಪ್‌ನಲ್ಲಿ ಹಾಕಿದರೆ ಅದು ಯಾರನ್ನು ತಲುಪುತ್ತದೆಂದು ಬೇರೆ ಹೇಳಬೇಕಿಲ್ಲ. 2000ದ ದಶಕದ ಆರಂಭದಲ್ಲಿ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿಯನ್ನು ಕೇಬಲ್ ಮೂಲಕ ಮನೆಮನೆಗೆ ಮುಟ್ಟಿಸಿದಾಗ, ಓದು ಬಾರದ ಹೆಂಗಸರೂ ಅದನ್ನು ಕೇಳಿದರು, ಅದರಲ್ಲಿ ಮಾತನಾಡಿದರು. ಹೊಸ ಸಾಧನ ಬಂದ ಮಾತ್ರಕ್ಕೆ ಆ ಅನುಭವವನ್ನು ಮೂಲೆಗೆ ಹಾಕಬೇಕಾಗಿಲ್ಲ.

ಈ ಹಿನ್ನೆಲೆಯಲ್ಲಿ ಸಂಸ್ಥೆಗಳು ತಾವಾಗಿಯೇ ಅಳವಡಿಸಿಕೊಳ್ಳಬಹುದಾದ ಕೆಲವು ಕ್ರಮಗಳನ್ನು ಸೂಚಿಸಬಯಸುತ್ತೇನೆ. ಮೊದಲನೆಯದಾಗಿ, ನೆರವು ಸ್ವೀಕರಿಸುವ ಕ್ಷಣದಲ್ಲಿ ಮಕ್ಕಳ ಮುಖದ ಚಿತ್ರ ತೆಗೆಯುವುದನ್ನು ನಿಲ್ಲಿಸಬೇಕು. ಒಪ್ಪಿಗೆ ಕೇಳುವುದಾದರೆ ನೆರವು ಕೊಟ್ಟು ಕೆಲ ದಿನಗಳಾದ ಮೇಲೆ ಬೇರೆಯಾಗಿ ಕೇಳಬೇಕು, ಚಿತ್ರ ಎಲ್ಲಿ ಪ್ರಕಟವಾಗುತ್ತದೆಂದು ತೋರಿಸಬೇಕು, ಬೇಡವೆಂದರೆ ತೆಗೆದುಹಾಕಬೇಕು. ಎರಡನೆಯದಾಗಿ, ತಮ್ಮ ಪುಟದಲ್ಲಿ ಚಿತ್ರಗಳಷ್ಟೇ ಅಲ್ಲ, ವರ್ಷಕ್ಕೊಮ್ಮೆ ಲೆಕ್ಕವನ್ನೂ ಸರಳ ಕನ್ನಡದಲ್ಲಿ ಹಾಕಬೇಕು: ಈ ಊರಿಗೆಂದು ಬಂದ ಹಣವೆಷ್ಟು, ಊರಲ್ಲಿ ವೆಚ್ಚವಾದದ್ದೆಷ್ಟು, ಏನು ಕೈಗೂಡಲಿಲ್ಲ. ಅದರ ಒಂದು ಪ್ರತಿ ಗ್ರಾಮ ಪಂಚಾಯಿತಿಯ ಸೂಚನಾ ಫಲಕದಲ್ಲೂ ಇರಬೇಕು. ಸರ್ಕಾರಿ ಕಚೇರಿಗಳಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಸ್ವಯಂಪ್ರೇರಿತ ಪ್ರಕಟಣೆಯನ್ನು ವಿಧಿಸಿದೆ. ಸರ್ಕಾರದಿಂದ ಗಣನೀಯ ನೆರವು ಪಡೆಯುವ ಸ್ವಯಂಸೇವಾ ಸಂಸ್ಥೆಗಳೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಉಳಿದವರೂ ಅದೇ ಹಾದಿ ಹಿಡಿದರೆ ಯಾವ ಚಿತ್ರವೂ ತರಲಾಗದ ವಿಶ್ವಾಸ ಬರುತ್ತದೆ. ಮೂರನೆಯದಾಗಿ, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ವಿಭಾಗದವರು ಸಂಸ್ಥೆಗಳಿಂದ ಎಷ್ಟು ಮಂದಿ ನೋಡಿದರು, ಎಷ್ಟು ಮಂದಿ ಮೆಚ್ಚಿದರು ಎಂಬ ಅಂಕಿಗಳನ್ನು ಕೇಳುವುದನ್ನು ಬಿಡಬೇಕು. ವರ್ಷ ಕಳೆದ ಮೇಲೆ ಒಬ್ಬರು ಹೇಳದೆ ಕೇಳದೆ ಊರಿಗೆ ಹೋಗಿ ನೋಡಿ ಬಂದರೆ ಸಾಕು.

ಸಂಸ್ಥೆಗಳಿಗೆ ಉಪದೇಶ ಮಾಡುವ ನೈತಿಕ ಹಕ್ಕು ಮಾಜಿ ಅಧಿಕಾರಿಗೆ ಇದೆಯೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅಂಗವಿಕಲರಿಗೆ ತ್ರಿಚಕ್ರ ವಾಹನ ವಿತರಿಸುವ ಸಮಾರಂಭದಲ್ಲಿ, ಸಚಿವರು ಬರುವವರೆಗೆ ಅವರನ್ನು ಬಿಸಿಲಲ್ಲಿ ಕಾಯಿಸಿದ ವೇದಿಕೆಗಳ ಮೇಲೆ ನಾನೂ ಕುಳಿತಿದ್ದೇನೆ. ಚಿತ್ರವನ್ನೇ ಪುರಾವೆಯೆಂದು ನಂಬುವ ಕಾಯಿಲೆ ಸರ್ಕಾರಕ್ಕೂ ಅಂಟಿದೆ. ನರೇಗಾ ಕಾಮಗಾರಿಗಳಲ್ಲಿ ಕೂಲಿಕಾರರ ಚಿತ್ರ ತೆಗೆದು ಮೊಬೈಲ್ ಆ್ಯಪ್ ಮೂಲಕ ಹಾಜರಿ ದಾಖಲಿಸುವುದನ್ನು 2023ರ ಜನವರಿಯಿಂದ ಎಲ್ಲೆಡೆ ಕಡ್ಡಾಯಗೊಳಿಸಲಾಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯಲ್ಲಿ, ಸಂಬಂಧವಿಲ್ಲದ ಚಿತ್ರಗಳನ್ನೂ ಚಿತ್ರದಿಂದ ತೆಗೆದ ಚಿತ್ರಗಳನ್ನೂ ಏರಿಸಿ ವ್ಯವಸ್ಥೆಯನ್ನು ದುರುಪಯೋಗಪಡಿಸಲಾಗುತ್ತಿದೆ ಎಂದು ಪಟ್ಟಿ ಮಾಡಬೇಕಾಯಿತು. ಸರ್ಕಾರ ಇಷ್ಟು ದೊಡ್ಡ ವೆಚ್ಚದಲ್ಲಿ ಕಲಿತ ಪಾಠವನ್ನು ಸಂಸ್ಥೆಗಳು ಉಚಿತವಾಗಿ ಪಡೆದುಕೊಳ್ಳಲಿ.

ಕೊನೆಯ ಮಾತು ದಾನಿಗಳಾದ ನಮಗೆ, ಅಂದರೆ ಬೆಳಗಿನ ಕಾಫಿಯೊಡನೆ ಪತ್ರಿಕೆ ಓದಿ ಮೊಬೈಲಿನಲ್ಲಿ ಐನೂರು ರೂಪಾಯಿ ಕಳುಹಿಸುವ ಮಧ್ಯಮವರ್ಗಕ್ಕೆ. ಸಂಸ್ಥೆಗಳು ಬಡ ಮಕ್ಕಳ ಮುಖ ತೋರಿಸುತ್ತಿರುವುದು ನಾವು ಅದನ್ನು ನೋಡಿಯೇ ಕೊಡುತ್ತೇವೆಂಬ ಕಾರಣಕ್ಕೆ. ಬೇಡಿಕೆ ನಮ್ಮದು, ಪೂರೈಕೆ ಅವರದು. ಮುಂದಿನ ಸಲ ಹಣ ಕಳುಹಿಸುವ ಮುನ್ನ ಎರಡು ಪ್ರಶ್ನೆ ಕೇಳೋಣ: ಕಳೆದ ವರ್ಷದ ಲೆಕ್ಕ ಎಲ್ಲಿದೆ? ಈ ಚಿತ್ರದಲ್ಲಿರುವ ಮಗುವಿನ ಮನೆಯವರಿಗೆ ಇದು ಇಲ್ಲಿ ಪ್ರಕಟವಾಗಿರುವುದು ಗೊತ್ತೇ?

ಆ ಸಂಜೆ ಸಂಸ್ಥೆಯ ಯುವಕನಿಗೆ ನಾನು ಆ ಹೆಂಗಸು ಹೇಳಿದ್ದನ್ನು ತಿಳಿಸಿದೆ. ಅವನು ಒಳ್ಳೆಯ ಹುಡುಗ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರು ಯಾರು ಸಾರ್, ನಾನೇ ಹೋಗಿ ಮಾತಾಡ್ತೀನಿ' ಎಂದ. ಇಬ್ಬರೂ ಅವರ ಮನೆಯತ್ತ ನಡೆದೆವು. ಮೊಬೈಲಿನಲ್ಲಿದ್ದ ವಿಡಿಯೊವನ್ನು ಅವರಿಗೆ ತೋರಿಸಿದ. ಅವರು ಕಣ್ಣು ಕಿರಿದಾಗಿಸಿ ಎರಡು ಸಲ ನೋಡಿ, 'ಇದ್ರಾಗೆ ಮಗಾ ಅಳೋ ಹಂಗೈತೆ, ಇದ್ ಬ್ಯಾಡ ಕಣಪ್ಪ. ಅವ್ಳು ಓದೋದ್ನ ಹಿಡಿ, ಚೆಂದಾಗಿ ಓದ್ತಾಳೆ' ಎಂದರು. ಅಷ್ಟು ಹೊತ್ತಿಗೆ ಹುಡುಗಿ ಹೊಸ ಚೀಲದಿಂದ ಪುಸ್ತಕ ತೆಗೆದು ಕುಳಿತಿದ್ದಳು. ಆ ದಿನ ಅವನು ಆ ವಿಡಿಯೊ ಹಾಕಲಿಲ್ಲ.